ಉಸಿರಿನ ಮೂಲಕ ಕೊಟ್ಟ ಔಷಧ ಶ್ವಾಸನಾಳದ ಬಿಗಿತ ತಡೆಯದಿದ್ದರೆ: ಪ್ರಾಣಿ ಪ್ರಯೋಗದಲ್ಲಿ ದೋಷ ಹುಡುಕುವ ಕ್ರಮ

ಗಿನಿಪಿಗ್‌ಗೆ ಸಾಲ್ಬುಟಮಾಲ್ ನೆಬ್ಯುಲೈಸ್ ಮಾಡಿ (ದ್ರಾವಣವನ್ನು ಮಂಜಾಗಿಸಿ) ಕೊಟ್ಟಿದ್ದೀರಿ. ಹತ್ತು ನಿಮಿಷ ಬಿಟ್ಟು, ಶ್ವಾಸನಾಳವನ್ನು ಬಿಗಿಸುವ ಪ್ರಚೋದಕವಾದ ಹಿಸ್ಟಮಿನ್ ಮಂಜಿನೊಳಗೆ ಬಿಟ್ಟರೆ, ಔಷಧ ಪಡೆಯದ ಪ್ರಾಣಿಯಷ್ಟೇ ಬೇಗ ಇದೂ ಏದುಸಿರು ಬಿಡುತ್ತಿದೆ. ಸಾಲ್ಬುಟಮಾಲ್ 1969ರಿಂದ ಮನುಷ್ಯರ ಆಸ್ತಮಾಗೆ ಬಳಕೆಯಲ್ಲಿದೆ, ಗಿನಿಪಿಗ್‌ನ ಶ್ವಾಸನಾಳವನ್ನು ಅದು ಸಡಿಲಿಸಿಯೇ ಸಡಿಲಿಸುತ್ತದೆ. ಹಾಗಾಗಿ ಇಲ್ಲಿ ದೋಷ ಔಷಧದ್ದಲ್ಲ, ವ್ಯವಸ್ಥೆಯದು. ಇದೇ ವ್ಯವಸ್ಥೆಯಲ್ಲಿ ಒಂದು ಹೊಸ ಸಂಯುಕ್ತವನ್ನೋ ಗಿಡಮೂಲಿಕೆಯ ಸಾರವನ್ನೋ ಪರೀಕ್ಷಿಸಿದ್ದರೆ "ಪರಿಣಾಮವಿಲ್ಲ" ಎಂದು ಬರೆದು ಮುಗಿಸಿರುತ್ತಿದ್ದೆವು. ಒಳ್ಳೆಯ ಔಷಧವೊಂದು ಅಲ್ಲಿಗೆ ಕೈಬಿಟ್ಟುಹೋಗುತ್ತಿತ್ತು.

ಈ ಬರಹ ಎಂ.ಫಾರ್ಮ್ ಮತ್ತು ಪಿಎಚ್‌.ಡಿ ವಿದ್ಯಾರ್ಥಿಗಳಿಗೆ, ಪ್ರಾಣಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ. ಹುಡುಕುವ ಕ್ರಮಕ್ಕೆ ಒಂದೇ ನಿಯಮ: ಪ್ರಾಣಿಯನ್ನು ಮುಟ್ಟದೆ ಪತ್ತೆಹಚ್ಚಬಹುದಾದ ದೋಷವನ್ನು ಮೊದಲು ಹುಡುಕಿ. ಶ್ವಾಸನಾಳ ಬಿಗಿದುಕೊಳ್ಳುವುದು ಪ್ರಾಣಿಗೆ ನಿಜವಾದ ಸಂಕಟ. ಸೋರುವ ಟ್ಯೂಬನ್ನು ಕಂಡುಹಿಡಿಯಲು ಆರು ಗಿನಿಪಿಗ್‌ಗಳನ್ನು ಉಸಿರುಗಟ್ಟಿಸುವುದು ತಪ್ಪು. ಸಾಂಸ್ಥಿಕ ನೈತಿಕ ಸಮಿತಿಯ ಅನುಮತಿ ಕೈಯಲ್ಲಿದ್ದರೂ ಅದು ತಪ್ಪೇ.

ಮೊದಲು ಲಕ್ಷಣ ಯಾವುದೆಂದು ಬರೆದುಕೊಳ್ಳಿ

"ಪ್ರಯೋಗ ಸರಿಬರುತ್ತಿಲ್ಲ" ಎಂಬುದು ಲಕ್ಷಣವಲ್ಲ. ಔಷಧ ಕೊಟ್ಟರೂ ರಕ್ಷಣೆ ಸಿಗುತ್ತಿಲ್ಲವೇ? ಔಷಧವಿಲ್ಲದ ಬರೀ ದ್ರಾವಕ ಪಡೆದ ಪ್ರಾಣಿಗಳಿಗೂ ರಕ್ಷಣೆ ಸಿಗುತ್ತಿದೆಯೇ? ಔಷಧದ ನಂತರ ಬಿಗಿತ ಹೆಚ್ಚಾಗಿದೆಯೇ? ಒಂದೇ ಗುಂಪಿನಲ್ಲಿ ಕೆಲವಕ್ಕೆ ಪೂರ್ಣ ರಕ್ಷಣೆ, ಕೆಲವಕ್ಕೆ ಏನೂ ಇಲ್ಲ ಎಂಬಂತಾಗಿದೆಯೇ? ಈ ನಾಲ್ಕಕ್ಕೂ ಕಾರಣಗಳು ಬೇರೆ ಬೇರೆ. ಕೊನೆಯದು ಕಂಡರೆ ಹೆಚ್ಚಿನ ಸಲ ಡೋಸ್ ತಲುಪುವ ದಾರಿಯಲ್ಲೇ ಏರುಪೇರಿದೆ ಎಂದರ್ಥ, ನೇರ ಮುಂದಿನ ಭಾಗಕ್ಕೆ ಹೋಗಿ.

ಪ್ರಾಣಿ ಇಲ್ಲದೆ ಮಾಡುವ ಪರೀಕ್ಷೆಗಳು

ಬಾಟಲಿಯ ಲೇಬಲ್ಲಿನಿಂದ ಶುರುಮಾಡಿ. ಸಾಲ್ಬುಟಮಾಲ್ ಸಲ್ಫೇಟ್ 1.2 ಮಿಲಿಗ್ರಾಂ ತೂಗಿದರೆ ಅದರಲ್ಲಿ ಸಾಲ್ಬುಟಮಾಲ್ ಇರುವುದು 1 ಮಿಲಿಗ್ರಾಂ. ಇದು ಸಣ್ಣ ವ್ಯತ್ಯಾಸ. ಹಿಸ್ಟಮಿನ್‌ನಲ್ಲಿ ವ್ಯತ್ಯಾಸ ದೊಡ್ಡದು: ಡೈಹೈಡ್ರೋಕ್ಲೋರೈಡ್ ಲವಣದಲ್ಲಿ ಸುಮಾರು ಶೇ. 60ರಷ್ಟು ಹಿಸ್ಟಮಿನ್ ಇದ್ದರೆ, ಡೈಫಾಸ್ಫೇಟ್‌ನಲ್ಲಿ ಸುಮಾರು ಶೇ. 36 ಮಾತ್ರ. ಹಳೆಯ ಪ್ರಬಂಧದಲ್ಲಿ ಡೈಫಾಸ್ಫೇಟ್ ಬಳಸಿದ್ದು, ನಿಮ್ಮ ಕಪಾಟಿನಲ್ಲಿರುವುದು ಡೈಹೈಡ್ರೋಕ್ಲೋರೈಡ್ ಆದರೆ, ಅದೇ ತೂಕ ಹಾಕಿದಾಗ ಪ್ರಚೋದಕ ಒಂದೂವರೆ ಪಟ್ಟಿಗೂ ಹೆಚ್ಚು ಬಲವಾಗುತ್ತದೆ. ಔಷಧ ಸೋತಂತೆ ಕಾಣಲು ಇಷ್ಟೇ ಸಾಕು. ಇನ್ನೊಂದು ಪ್ರಚೋದಕವಾದ ಮೆಥಕೋಲಿನ್ ಗಾಳಿಯ ತೇವ ಹೀರುವ ಪುಡಿ. ಮಂಗಳೂರಿನ ಮಳೆಗಾಲದಲ್ಲಿ ಬಾಟಲಿ ತೆರೆದಿಟ್ಟು ತೂಗಿದರೆ ಔಷಧದ ಜೊತೆ ನೀರನ್ನೂ ತೂಗಿದಂತೆ. ಅದನ್ನು ಡೆಸಿಕೇಟರ್‌ನಲ್ಲಿಟ್ಟು, ಬೇಕಾದಾಗ ತಾಜಾ ಕರಗಿಸಿ.

ನಂತರ ನೆಬ್ಯುಲೈಸರ್. ಜೆಟ್ ನೆಬ್ಯುಲೈಸರ್ ಓಡುತ್ತಿದ್ದಂತೆ ನೀರು ಆವಿಯಾಗಿ ದ್ರಾವಣ ತಣ್ಣಗಾಗುತ್ತದೆ, ಬಟ್ಟಲಲ್ಲಿ ಉಳಿದ ದ್ರಾವಣ ಗಟ್ಟಿಯಾಗುತ್ತಾ ಹೋಗುತ್ತದೆ. ಮೊದಲ ನಿಮಿಷದ ಮಂಜಿಗೂ ಹತ್ತನೇ ನಿಮಿಷದ ಮಂಜಿಗೂ ಸಾಂದ್ರತೆ ಒಂದೇ ಅಲ್ಲ. ಸುಮಾರು ಒಂದು ಮಿಲಿಲೀಟರ್ ದ್ರಾವಣ ಬಟ್ಟಲಲ್ಲೇ ಉಳಿಯುತ್ತದೆ, ಎರಡು ಮಿಲಿಲೀಟರ್ ಹಾಕಿದವರು ಅರ್ಧವನ್ನು ಅಲ್ಲೇ ಬಿಟ್ಟಿರುತ್ತಾರೆ. ಅಲ್ಟ್ರಾಸಾನಿಕ್ ಯಂತ್ರದ ಸ್ವಭಾವ ಇದಕ್ಕೆ ತದ್ವಿರುದ್ಧ, ಅದು ದ್ರಾವಣವನ್ನು ಬಿಸಿಮಾಡುತ್ತದೆ. ಬುಡೆಸೊನೈಡ್‌ನಂಥ ಕರಗದ ತೇಲುಕಣಗಳನ್ನು ಅದು ಸರಿಯಾಗಿ ಮೇಲೆತ್ತುವುದಿಲ್ಲ: ನೀರಿನ ಮಂಜು ದಟ್ಟವಾಗಿ ಕಾಣುತ್ತದೆ, ಔಷಧ ತಳದಲ್ಲೇ ಕೂತಿರುತ್ತದೆ. ಕಣ್ಣಿಗೆ ಕಾಣುವ ಮಂಜನ್ನು ನಂಬಬೇಡಿ.

ನಂಬಬೇಕಾದದ್ದು ಫಿಲ್ಟರನ್ನು. ಪ್ರಾಣಿಯ ಮೂಗು ಬರುವ ಜಾಗದಲ್ಲೇ ಒಂದು ಫಿಲ್ಟರ್ ಹೋಲ್ಡರ್ ಕೂರಿಸಿ, ಪ್ರಾಣಿ ಎಳೆಯುವಷ್ಟೇ ನಿಧಾನವಾಗಿ ಪಂಪಿನಿಂದ ಗಾಳಿ ಎಳೆದು, ಫಿಲ್ಟರಿನ ಮೇಲೆ ಬಿದ್ದ ಔಷಧವನ್ನು ತೊಳೆದು, ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿಯಲ್ಲಿ ಅಳೆಯಿರಿ. ನೆಬ್ಯುಲೈಸರಿನ ಬಾಯಲ್ಲಿ ಒಂದು, ಟ್ಯೂಬಿನ ನಡುವೆ ಒಂದು, ಮೂಗಿನ ಜಾಗದಲ್ಲಿ ಒಂದು, ಹೀಗೆ ಮೂರು ಕಡೆ ಅಳೆದರೆ ಔಷಧ ಎಲ್ಲಿ ಕಳೆದುಹೋಗುತ್ತಿದೆ ಎಂದು ಒಂದೇ ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಉದ್ದನೆಯ ಪ್ಲಾಸ್ಟಿಕ್ ಟ್ಯೂಬ್, ಚೂಪಾದ ತಿರುವು, ಕವಾಟ, ಇವೆಲ್ಲ ಕಣಗಳನ್ನು ಹಿಡಿದಿಟ್ಟುಕೊಳ್ಳುವ ಜಾಗಗಳು. ಒಣಪುಡಿಯಾದರೆ ಸ್ಥಾಯಿ ವಿದ್ಯುತ್ತಿನಿಂದ ಗೋಡೆಗೆ ಅಂಟಿಕೊಳ್ಳುತ್ತದೆ.

ಈಗ ಲೆಕ್ಕ. ಇದನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ "ಶೇ. 0.1 ದ್ರಾವಣ, 10 ನಿಮಿಷ" ಎಂದಷ್ಟೇ ಬರೆದ ಪ್ರಬಂಧಗಳು ಇನ್ನೂ ಬರುತ್ತಲೇ ಇವೆ. ಅದು ಯಂತ್ರಕ್ಕೆ ಹಾಕಿದ ದ್ರಾವಣದ ವಿವರ, ಪ್ರಾಣಿಗೆ ಸಿಕ್ಕ ಡೋಸ್ ಅಲ್ಲ. ಮೂಗಿನ ಜಾಗದಲ್ಲಿ ಗಾಳಿಯ ಪ್ರತಿ ಲೀಟರಿಗೆ 10 ಮೈಕ್ರೊಗ್ರಾಂ ಔಷಧ ಸಿಕ್ಕಿತೆನ್ನಿ. ಪ್ರಾಣಿ ನಿಮಿಷಕ್ಕೆ ಎಳೆದುಕೊಳ್ಳುವ ಗಾಳಿಗೆ 2008ರಲ್ಲಿ ಅಲೆಕ್ಸಾಂಡರ್ ಮತ್ತು ಸಂಗಡಿಗರು ಕೊಟ್ಟ ಸೂತ್ರವನ್ನು ಇಂದು ಬಹುಪಾಲು ಪ್ರಯೋಗಾಲಯಗಳು ಬಳಸುತ್ತವೆ: ಕಿಲೋಗ್ರಾಂ ಲೆಕ್ಕದ ತೂಕವನ್ನು 0.852ನೇ ಘಾತಕ್ಕೇರಿಸಿ 0.608ರಿಂದ ಗುಣಿಸಬೇಕು. 400 ಗ್ರಾಂ ಗಿನಿಪಿಗ್‌ಗೆ ಇದು ನಿಮಿಷಕ್ಕೆ ಸುಮಾರು 0.28 ಲೀಟರ್. 10 ನಿಮಿಷದಲ್ಲಿ ಒಳಗೆ ಹೋದದ್ದು 28 ಮೈಕ್ರೊಗ್ರಾಂ, ಅಂದರೆ ಕಿಲೋಗೆ 70 ಮೈಕ್ರೊಗ್ರಾಂ. ದಂಶಕಗಳಲ್ಲಿ ಇದರ ಶೇ. 10ರಷ್ಟು ಶ್ವಾಸಕೋಶ ಸೇರುತ್ತದೆ ಎಂಬುದು ವಾಡಿಕೆಯ ಅಂದಾಜು. ಅಂದರೆ ಶ್ವಾಸಕೋಶಕ್ಕೆ ದಕ್ಕಿದ್ದು ಕಿಲೋಗೆ 7 ಮೈಕ್ರೊಗ್ರಾಂ. ಬಟ್ಟಲಿಗೆ ಸುರಿದ ಐದು ಮಿಲಿಗ್ರಾಂ ಎಲ್ಲಿ, 400 ಗ್ರಾಂ ಪ್ರಾಣಿಯ ಶ್ವಾಸಕೋಶ ಸೇರಿದ ಮೂರು ಮೈಕ್ರೊಗ್ರಾಮಿಗೂ ಕಡಿಮೆಯ ಪಾಲು ಎಲ್ಲಿ!

ಆ ಶೇ. 10 ಕೂಡ ಕಣದ ಗಾತ್ರ ಸರಿಯಿದ್ದರೆ ಮಾತ್ರ. ಗಿನಿಪಿಗ್, ಇಲಿ, ಸುಂಡಿಲಿ (ಮೌಸ್) ಎಲ್ಲವೂ ಮೂಗಿನಿಂದಲೇ ಉಸಿರಾಡುವ ಪ್ರಾಣಿಗಳು. ಮನುಷ್ಯರಿಗೆ 5 ಮೈಕ್ರಾನ್‌ವರೆಗಿನ ಕಣ ಬಾಯಿಯ ಮೂಲಕ ಎಳೆದಾಗ ಸಾಕಷ್ಟು ಒಳಗೆ ಹೋಗುತ್ತದೆ. ಈ ಪುಟ್ಟ ಪ್ರಾಣಿಗಳ ಮೂಗಿನ ಸುರುಳಿ ಅಷ್ಟು ದೊಡ್ಡ ಕಣವನ್ನು ಒಳಗೆ ಬಿಡುವುದಿಲ್ಲ. ಮನುಷ್ಯರಿಗೆಂದು ಮಾಡಿದ ನೆಬ್ಯುಲೈಸರ್ ಮಾರುಕಟ್ಟೆಯಿಂದ ತಂದು ಹಾಗೇ ಜೋಡಿಸಿದಾಗ ಔಷಧದ ದೊಡ್ಡ ಪಾಲು ಮೂಗಿನಲ್ಲೇ ನಿಲ್ಲುವುದು ಇದರಿಂದಲೇ. ಕಣದ ಗಾತ್ರ ಅಳೆಯುವ ಕ್ಯಾಸ್ಕೇಡ್ ಇಂಪ್ಯಾಕ್ಟರ್ ಸಿಗುವ ಕಡೆ ಹೋಗಿ ಅಳೆಸಿ, 1ರಿಂದ 2 ಮೈಕ್ರಾನ್ ಆಸುಪಾಸಿಗೆ ತನ್ನಿ. ಬೆರೆಸುವ ಗಾಳಿಯ ತೇವಾಂಶವನ್ನೂ ಬರೆದಿಡಿ: ಒಣ ಗಾಳಿಯಲ್ಲಿ ಹನಿ ದಾರಿಯಲ್ಲೇ ಕುಗ್ಗುತ್ತದೆ, ತೇವದ ಗಾಳಿಯಲ್ಲಿ ಕುಗ್ಗುವುದಿಲ್ಲ. ಬೇಸಿಗೆಯಲ್ಲಿ ಬಂದ ಫಲಿತಾಂಶ ಮಳೆಗಾಲದಲ್ಲಿ ಬರದಿರಲು ಇದೂ ಒಂದು ಕಾರಣ.

ದೋಷವನ್ನು ಎರಡು ಭಾಗ ಮಾಡುವ ಪರೀಕ್ಷೆ

ಮೇಲಿನದೆಲ್ಲ ಸರಿಯಿದ್ದೂ ರಕ್ಷಣೆ ಸಿಗದಿದ್ದರೆ, ಈಗ ಒಂದೆರಡು ಪ್ರಾಣಿ ಬಳಸುವುದು ನ್ಯಾಯ. ಅರಿವಳಿಕೆಯಲ್ಲಿರುವ ಗಿನಿಪಿಗ್‌ಗೆ ಸಾಲ್ಬುಟಮಾಲನ್ನು ರಕ್ತನಾಳಕ್ಕೆ ಕೊಟ್ಟು, ಅದೇ ಪ್ರಮಾಣದ ಹಿಸ್ಟಮಿನ್ ಕೊಡಿ. ರಕ್ತನಾಳದ ಡೋಸ್ ರಕ್ಷಿಸಿ, ಉಸಿರಿನ ಡೋಸ್ ರಕ್ಷಿಸದಿದ್ದರೆ ದೋಷ ತಲುಪುವ ದಾರಿಯಲ್ಲಿದೆ, ಫಿಲ್ಟರಿಗೆ ವಾಪಸ್ ಹೋಗಿ. ಎರಡೂ ರಕ್ಷಿಸದಿದ್ದರೆ ಪ್ರಚೋದಕದಲ್ಲೋ, ಪ್ರಾಣಿಯಲ್ಲೋ, ಅಳತೆಯಲ್ಲೋ ದೋಷವಿದೆ. ತಿಂಗಳುಗಟ್ಟಲೆ ತಡಕಾಡುವುದನ್ನು ಈ ಒಂದು ಪರೀಕ್ಷೆ ಉಳಿಸುತ್ತದೆ, ಆದರೂ ಇದನ್ನು ಮಾಡುವವರು ತೀರಾ ಕಡಿಮೆ.

ಪ್ರಚೋದಕ ಅತಿಯಾಗಿದೆಯೇ, ಬೇರೆಯದಾಗಿದೆಯೇ

ಸಾಲ್ಬುಟಮಾಲ್, ಹಿಸ್ಟಮಿನ್ ಬಂದು ಕೂರುವ ಗ್ರಾಹಕವನ್ನು ಮುಚ್ಚುವುದಿಲ್ಲ. ಸ್ನಾಯುವನ್ನು ಎದುರು ದಿಕ್ಕಿಗೆ ಎಳೆಯುತ್ತದೆ. ಹಿಸ್ಟಮಿನ್ ಎಳೆತ ವಿಪರೀತ ಹೆಚ್ಚಿದ್ದರೆ ಎಷ್ಟೇ ಸಾಲ್ಬುಟಮಾಲ್ ಕೊಟ್ಟರೂ ಅದು ಸೋಲುತ್ತದೆ. ಆದ್ದರಿಂದ ಒಂದೇ ಪ್ರಮಾಣದ ಪ್ರಚೋದಕ ಇಟ್ಟುಕೊಂಡು ಕೂರಬೇಡಿ. ಗರಿಷ್ಠ ಬಿಗಿತದ ಅರ್ಧದಷ್ಟು ತರುವ ಪ್ರಮಾಣ ಯಾವುದೆಂದು ಮೊದಲು ಕಂಡುಕೊಂಡು, ಅದರ ಮೇಲೊಂದು ಕೆಳಗೊಂದು ಪ್ರಮಾಣ ಸೇರಿಸಿ ಕೆಲಸ ಮಾಡಿ. ಗಿನಿಪಿಗ್ ಹಿಸ್ಟಮಿನ್‌ಗೆ ಎಷ್ಟು ಸೂಕ್ಷ್ಮ ಎಂಬುದು 1910ರಲ್ಲೇ ಡೇಲ್ ಮತ್ತು ಲೇಡ್ಲಾ ತೋರಿಸಿದ ಸಂಗತಿ.

ಔಷಧಕ್ಕೂ ಪ್ರಚೋದಕಕ್ಕೂ ಹೊಂದಾಣಿಕೆ ಇದೆಯೇ ನೋಡಿ. ಹಿಸ್ಟಮಿನ್ ಗ್ರಾಹಕವನ್ನು ಮುಚ್ಚುವ ಮೆಪಿರಮಿನ್ ಹಿಸ್ಟಮಿನ್ ಬಿಗಿತವನ್ನು ತಡೆಯುತ್ತದೆ, ಮೆಥಕೋಲಿನ್ ಬಿಗಿತವನ್ನಲ್ಲ. ಮೆಥಕೋಲಿನ್ ಕೂರುವ ಗ್ರಾಹಕವನ್ನು ಮುಚ್ಚುವ ಇಪ್ರಾಟ್ರೋಪಿಯಂ ಮೆಥಕೋಲಿನ್ ಬಿಗಿತವನ್ನು ಪೂರ್ತಿ ತಡೆಯಬಲ್ಲದು. ಹಿಸ್ಟಮಿನ್ ವಿಷಯದಲ್ಲಿ ಶ್ವಾಸನಾಳವನ್ನು ಬಿಗಿಸುವ ವೇಗಸ್ ನರದ ಪ್ರತಿವರ್ತನದ ಪಾಲನ್ನಷ್ಟೇ ತಡೆಯುತ್ತದೆ. ಸೋಡಿಯಂ ಕ್ರೊಮೊಗ್ಲೈಕೇಟ್ ಸ್ನಾಯುವನ್ನು ಸಡಿಲಿಸುವ ಔಷಧವೇ ಅಲ್ಲ, ನೇರ ಹಿಸ್ಟಮಿನ್ ಮುಂದೆ ಅದನ್ನು ಪರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಓವಲ್ಬುಮಿನ್‌ಗೆ ಅಲರ್ಜಿ ಬರಿಸಿದ ಗಿನಿಪಿಗ್‌ನಲ್ಲೂ ಅದರ ರಕ್ಷಣೆ ದುರ್ಬಲ. ಈ ಔಷಧದ ಕಥೆಯೇ ಒಂದು ಎಚ್ಚರಿಕೆ. ಆಸ್ತಮಾ ಇದ್ದ ವೈದ್ಯ ರೋಜರ್ ಆಲ್ಟೂನ್ಯನ್, ಪ್ರಾಣಿ ಮಾದರಿಗಳ ಮೇಲಷ್ಟೇ ಭರವಸೆ ಇಡದೆ, ಅಲರ್ಜಿಯ ಪ್ರಚೋದಕವನ್ನು ತಾವೇ ಉಸಿರಾಡಿ, ಸರಣಿ ಸಂಯುಕ್ತಗಳನ್ನು ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. 1965ರಲ್ಲಿ ಕ್ರೊಮೊಗ್ಲೈಕೇಟ್ ಸಿಕ್ಕಿದ್ದು ಆ ದಾರಿಯಲ್ಲಿ. ಗಿನಿಪಿಗ್‌ನ ಉತ್ತರವನ್ನೇ ಕೊನೆಯ ಮಾತೆಂದುಕೊಂಡಿದ್ದರೆ ಅದು ಕಸದಬುಟ್ಟಿ ಸೇರುತ್ತಿತ್ತು.

ಸ್ಟೀರಾಯ್ಡ್‌ಗಳದ್ದು ಸಮಯದ ಪ್ರಶ್ನೆ. ಬುಡೆಸೊನೈಡ್ ಕೊಟ್ಟು ಹದಿನೈದು ನಿಮಿಷಕ್ಕೆ ಬಿಗಿತ ತಡೆಯಲಿಲ್ಲ ಎಂದರೆ ಅದು ದೋಷವಲ್ಲ, ಜೀನುಗಳ ಮಟ್ಟದಲ್ಲಿ ಕೆಲಸ ಮಾಡುವ ಔಷಧಕ್ಕೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬೇಕು. ಸಾಲ್ಬುಟಮಾಲ್ ಬೇಗ ಹತ್ತಿ ಬೇಗ ಇಳಿಯುತ್ತದೆ. ಸಾಲ್ಮೆಟೆರಾಲ್ ನಿಧಾನಕ್ಕೆ ಹತ್ತಿ ಬಹಳ ಹೊತ್ತು ನಿಲ್ಲುತ್ತದೆ. ಎರಡನ್ನೂ ಒಂದೇ ಗಡಿಯಾರಕ್ಕೆ ಕಟ್ಟಿ ಹೋಲಿಸಿದರೆ ಒಂದಕ್ಕೆ ಅನ್ಯಾಯವಾಗುತ್ತದೆ.

ಪ್ರಾಣಿಯ ಜಾತಿಯೂ ದೋಷದಂತೆ ಕಾಣಬಹುದು. ಸುಂಡಿಲಿಯ ಶ್ವಾಸನಾಳ ಹಿಸ್ಟಮಿನ್‌ಗೆ ಹೆಚ್ಚು ಜಗ್ಗುವುದಿಲ್ಲ, ಅಲ್ಲಿ ಮೆಥಕೋಲಿನ್ ಅಥವಾ ಸೆರೊಟೊನಿನ್ ಬೇಕು. ಇನ್ನೂ ಮುಖ್ಯವಾದದ್ದು, ಸುಂಡಿಲಿಯ ಶ್ವಾಸನಾಳವನ್ನು ಸಡಿಲಿಸುವುದು ಮುಖ್ಯವಾಗಿ ಬೀಟಾ-1 ಗ್ರಾಹಕ, ಗಿನಿಪಿಗ್ ಮತ್ತು ಮನುಷ್ಯರಲ್ಲಿ ಬೀಟಾ-2. ಸಾಲ್ಬುಟಮಾಲಿನಂತೆ ಬೀಟಾ-2 ಮೇಲೆ ಕೆಲಸ ಮಾಡಲೆಂದೇ ಮಾಡಿದ ಔಷಧ ಸುಂಡಿಲಿಯಲ್ಲಿ ಸಪ್ಪೆಯಾದರೆ ಯಂತ್ರ ಬಿಚ್ಚುವ ಅಗತ್ಯವಿಲ್ಲ.

ಔಷಧ ಕೊಟ್ಟ ಮೇಲೆ ಬಿಗಿತ ಹೆಚ್ಚಾದರೆ

ದ್ರಾವಕ ಮಾತ್ರ ಕೊಟ್ಟು ನೋಡಿ. ಬೆನ್ಜಾಲ್ಕೋನಿಯಂ ಕ್ಲೋರೈಡ್‌ನಂಥ ಸಂರಕ್ಷಕಗಳು ತಾವೇ ಶ್ವಾಸನಾಳವನ್ನು ಬಿಗಿಸಬಲ್ಲವು. ಲವಣವಿಲ್ಲದ ಶುದ್ಧ ನೀರಿನ ಮಂಜೂ, ಆಮ್ಲೀಯತೆ ಅತಿಯಾದ ದ್ರಾವಣವೂ ಹಾಗೆಯೇ. ಸಸ್ಯಸಾರಗಳನ್ನು ನೆಬ್ಯುಲೈಸ್ ಮಾಡುವವರು ಸಾಂದ್ರತೆ, ಪಿಹೆಚ್, ಉಳಿದಿರುವ ಆಲ್ಕೋಹಾಲ್ ಮೂರನ್ನೂ ಅಳೆಯದೆ ಮುಂದೆ ಹೋಗಬಾರದು.

ದ್ರಾವಕ ನಿರಪರಾಧಿ ಎಂದು ಗೊತ್ತಾಗಿ, ಔಷಧ ಇಪ್ರಾಟ್ರೋಪಿಯಂ ಆಗಿದ್ದು, ಬಿಗಿತ ತರಿಸುತ್ತಿರುವುದು ವೇಗಸ್ ನರದ ಪ್ರಚೋದನೆಯಾಗಿದ್ದರೆ, ನೀವು ಕಂಡದ್ದು ನಿಜವಾದ ಔಷಧಶಾಸ್ತ್ರ. ವೇಗಸ್ ನರತುದಿಯಲ್ಲಿ ಎಂ2 ಎಂಬ ಗ್ರಾಹಕಗಳಿವೆ. ಸ್ನಾಯುವನ್ನು ಬಿಗಿಸಲು ನರ ಸುರಿಸುವ ಅಸಿಟೈಲ್‌ಕೋಲಿನ್ ಸಾಕಷ್ಟು ಹೊರಬಂದಾಗ ಇನ್ನಷ್ಟು ಬರದಂತೆ ತಡೆಯುವುದು ಅವುಗಳ ಕೆಲಸ. ಸ್ನಾಯುವನ್ನು ಬಿಗಿಸುವುದು ಎಂ3. ಇಪ್ರಾಟ್ರೋಪಿಯಂ ಎರಡನ್ನೂ ಮುಚ್ಚುತ್ತದೆ. ಸಣ್ಣ ಡೋಸ್‌ನಲ್ಲಿ ಎಂ2 ಮುಚ್ಚಿದ ಪರಿಣಾಮವೇ ಮೇಲುಗೈಯಾಗಿ ಅಸಿಟೈಲ್‌ಕೋಲಿನ್ ಹೆಚ್ಚು ಸುರಿದು ಬಿಗಿತ ಏರುತ್ತದೆ. ಫ್ರೈಯರ್ ಮತ್ತು ಮ್ಯಾಕ್ಲಗನ್ ಇದನ್ನು ಗಿನಿಪಿಗ್‌ನಲ್ಲಿ 1987ರಲ್ಲಿ ವರದಿ ಮಾಡಿದರು. ಡೋಸ್ ಏರಿಸಿದರೆ ಬಿಗಿತ ಇಳಿಯುತ್ತದೆ. ಇಲ್ಲಿ ಡೋಸ್‌ನ ಲೆಕ್ಕ ಗೊತ್ತಿಲ್ಲದವರಿಗೆ ಫಲಿತಾಂಶ ಒಗಟಾಗಿಯೇ ಉಳಿಯುತ್ತದೆ.

ಎಲ್ಲ ಪ್ರಾಣಿಗಳಿಗೂ ರಕ್ಷಣೆ ಸಿಗುತ್ತಿದ್ದರೆ

ಇದನ್ನು ಯಾರೂ ದೋಷವೆಂದು ದೂರುವುದಿಲ್ಲ, ಅದಕ್ಕೇ ಇದು ಹೆಚ್ಚು ಅಪಾಯಕಾರಿ. ಮೊದಲ ಸಂಶಯ ಅರಿವಳಿಕೆಯ ಮೇಲಿರಲಿ. ಐಸೊಫ್ಲುರೇನ್, ಹ್ಯಾಲೊಥೇನ್ ತಾವೇ ಶ್ವಾಸನಾಳ ಸಡಿಲಿಸುತ್ತವೆ, ಕೆಟಮಿನ್ ಕೂಡ. ಎರಡನೆಯದು, ಹಿಸ್ಟಮಿನ್ ಅನ್ನು ಪದೇ ಪದೇ ಕೊಟ್ಟಾಗ ಪ್ರತಿಕ್ರಿಯೆ ತಾನಾಗಿ ಕುಗ್ಗುವುದು. ಸ್ನಾಯುವಿನಲ್ಲೇ ತಯಾರಾಗುವ ಪ್ರೊಸ್ಟಗ್ಲಾಂಡಿನ್‌ಗಳಿಗೆ ಇದರಲ್ಲಿ ಪಾತ್ರವಿದೆ. ಮೂರನೆಯದು ನಿದ್ದೆ ಬರಿಸುವ ಔಷಧ. ಮಂಪರಿನಲ್ಲಿರುವ ಗಿನಿಪಿಗ್ ಕಡಿಮೆ ಗಾಳಿ ಎಳೆಯುತ್ತದೆ, ಆದ್ದರಿಂದ ಕಡಿಮೆ ಹಿಸ್ಟಮಿನ್ ಒಳಗೆ ಹೋಗುತ್ತದೆ. ಏದುಸಿರು ತಡವಾಗಿ ಬಂದದ್ದಕ್ಕೆ ಶ್ವಾಸನಾಳ ಕಾರಣವಲ್ಲ. ಉಸಿರಾಟದ ದರವನ್ನು ಪಕ್ಕದಲ್ಲೇ ಎಣಿಸದಿದ್ದರೆ ಈ ಬಲೆಗೆ ಬೀಳುವುದು ಖಚಿತ.

ನಮ್ಮ ಫಾರ್ಮಸಿ ಕಾಲೇಜುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಹಿಸ್ಟಮಿನ್ ಪೆಟ್ಟಿಗೆಯ ವಿಧಾನಕ್ಕೆ ತನ್ನದೇ ಒಂದು ತೊಂದರೆ ಇದೆ. 1950ರ ದಶಕದ ಆರಂಭದಲ್ಲಿ ಹೆರ್ಕ್ಸ್‌ಹೈಮರ್ ಜನಪ್ರಿಯಗೊಳಿಸಿದ ಈ ವಿಧಾನದಲ್ಲಿ ಸೆಳೆತಕ್ಕೆ ಮುಂಚಿನ ಏದುಸಿರು ಶುರುವಾಗುವ ಹೊತ್ತನ್ನು ಅಳೆದು, ತಕ್ಷಣ ಪ್ರಾಣಿಯನ್ನು ಶುದ್ಧ ಗಾಳಿಗೆ ತರುತ್ತೇವೆ. ರಕ್ಷಣೆಯ ಶೇಕಡಾವನ್ನು ಮೊದಲ ಹೊತ್ತನ್ನು ನಂತರದ ಹೊತ್ತಿನಿಂದ ಭಾಗಿಸಿ, ಒಂದರಿಂದ ಕಳೆದು, ನೂರರಿಂದ ಗುಣಿಸಿ ಪಡೆಯುತ್ತೇವೆ. ಈಗ ಒಂದು ಪ್ರಾಣಿಯ ಹೊತ್ತು 60 ಸೆಕೆಂಡಿನಿಂದ 90ಕ್ಕೆ ಹೋಯಿತೆನ್ನಿ. ಸೂತ್ರ ಶೇ. 33 ರಕ್ಷಣೆ ಎನ್ನುತ್ತದೆ. ಇನ್ನೊಂದರದು 60ರಿಂದ 30ಕ್ಕೆ ಇಳಿದರೆ ಋಣ 100 ಎನ್ನುತ್ತದೆ. ಮೂರನೆಯದರದು 60ರಿಂದ 240ಕ್ಕೆ ಏರಿದರೂ 75 ಮಾತ್ರ. ಮೇಲೆ ಮಿತಿ ಇದೆ, ಕೆಳಗೆ ಮಿತಿಯಿಲ್ಲ. ಇವುಗಳ ಸರಾಸರಿ ತೆಗೆದರೆ ಅರ್ಥವಾಗುವಂಥ ಸಂಖ್ಯೆ ಬರುವುದಿಲ್ಲ. ಸೆಕೆಂಡುಗಳನ್ನೇ ವಿಶ್ಲೇಷಿಸಿ. ಜೊತೆಗೆ, ಬೇಗ ಏದುಸಿರು ಬಿಡುವ ಪ್ರಾಣಿಗಳನ್ನೇ ಮೊದಲ ದಿನ ಆರಿಸಿಕೊಂಡರೆ, ಎರಡನೇ ದಿನ ಅವುಗಳ ಸರಾಸರಿ ಹೊತ್ತು ಔಷಧವಿಲ್ಲದೆಯೂ ಉದ್ದವಾಗುತ್ತದೆ. ಆಯ್ಕೆಯ ದಿನ ಆಕಸ್ಮಿಕವಾಗಿ ಬೇಗ ಉಸಿರುಗಟ್ಟಿದವೂ ಆ ಗುಂಪಿನಲ್ಲಿ ಸೇರಿರುತ್ತವೆ. ದ್ರಾವಕದ ಗುಂಪು ಇಲ್ಲದೆ ಬರೆದ ರಕ್ಷಣೆಯ ಸಂಖ್ಯೆಯನ್ನು ನಾನು ಒಪ್ಪುವುದಿಲ್ಲ. ಗಡಿಯಾರ ಹಿಡಿದವರಿಗೆ ಯಾವ ಪ್ರಾಣಿಗೆ ಏನು ಕೊಟ್ಟಿದೆ ಎಂದು ತಿಳಿದಿರಲೂಬಾರದು.

ಅಳತೆಯ ಯಂತ್ರ

ಪ್ರಾಣಿಯನ್ನು ಪೆಟ್ಟಿಗೆಯಲ್ಲಿ ಓಡಾಡಲು ಬಿಟ್ಟು ಪೆನ್ಹ್ ಎಂಬ ಸಂಖ್ಯೆ ಕೊಡುವ ಪ್ಲೆಥಿಸ್ಮೋಗ್ರಾಫ್ 1997ರ ನಂತರ ಎಲ್ಲೆಡೆ ಹರಡಿತು. ಪೆನ್ಹ್ ಶ್ವಾಸನಾಳದ ಪ್ರತಿರೋಧದ ಅಳತೆಯಲ್ಲ. ಪೆಟ್ಟಿಗೆಯ ಒತ್ತಡ ಬದಲಾಗುವುದರಲ್ಲಿ ಒಳಗೆಳೆದ ಗಾಳಿ ಬೆಚ್ಚಗಾಗಿ ತೇವಗೊಳ್ಳುವುದರ ಪಾಲು ದೊಡ್ಡದು, ಉಸಿರಾಟದ ಲಯ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಪ್ರಾಥಮಿಕ ಸೋಸುವಿಕೆಗೆ ಬಳಸಿ, ತೀರ್ಮಾನಕ್ಕೆ ಬಳಸಬೇಡಿ. ತೀರ್ಮಾನಕ್ಕೆ ಬಲವಂತ ಆಂದೋಲನದ ವಿಧಾನ (ಶ್ವಾಸಕೋಶಕ್ಕೆ ಗಾಳಿಯ ಸಣ್ಣ ಅಲೆ ಕಳಿಸಿ ಪ್ರತಿರೋಧ ಅಳೆಯುವುದು) ಬೇಕು, ಅಥವಾ ಕೊನ್ಜೆಟ್ ಮತ್ತು ರೋಸ್ಲರ್ 1940ರಲ್ಲಿ ರೂಪಿಸಿದ, ಇಂದಿಗೂ ಗಟ್ಟಿಯಾಗಿ ನಿಂತಿರುವ ವಿಧಾನ. ಅದರಲ್ಲಿ ಪಂಪು ಪ್ರತಿ ಸಲ ಒಂದೇ ಪ್ರಮಾಣದ ಗಾಳಿ ತಳ್ಳುತ್ತದೆ, ಬಿಗಿದ ಶ್ವಾಸಕೋಶ ಒಳಗೆ ಬಿಡದ ಗಾಳಿ ಹೊರಗೆ ಉಕ್ಕುತ್ತದೆ, ಆ ಉಕ್ಕನ್ನು ಅಳೆಯುತ್ತೇವೆ. ಪ್ರಯೋಗದ ಕೊನೆಯಲ್ಲಿ ಶ್ವಾಸನಾಳವನ್ನು ಪೂರ್ತಿ ಮುಚ್ಚಿ ಸಿಗುವ ಉಕ್ಕು ಶೇ. 100. ಮುಚ್ಚಿದಾಗಲೂ ಸಂಖ್ಯೆ ಪಂಪಿನ ಪೂರ್ಣ ಪ್ರಮಾಣಕ್ಕೆ ಬರದಿದ್ದರೆ ಶ್ವಾಸನಾಳಕ್ಕೆ ಹಾಕಿದ ಕೊಳವೆ (ಕ್ಯಾನ್ಯುಲಾ) ಸೋರುತ್ತಿದೆ. ಬಿಗಿತ ನಿಧಾನವಾಗಿ ಏರುತ್ತಲೇ ಹೋಗಿ ಇಳಿಯದಿದ್ದರೆ ಕಫ ಕಟ್ಟಿದೆ ಅಥವಾ ಶ್ವಾಸಕೋಶದ ಭಾಗ ಮುದುಡಿದೆ. ಕಫ ಎಳೆದು, ಒಂದೆರಡು ಆಳವಾದ ಉಸಿರು ತುಂಬಿಸಿ ನೋಡಿ.

ಪ್ರಾಣಿಯ ಆರೋಗ್ಯ

ಪ್ಯಾರಾಇನ್ಫ್ಲುಯೆಂಜಾ ಸೋಂಕು ತಗುಲಿದ ಗಿನಿಪಿಗ್‌ನಲ್ಲಿ ಆಗಲೇ ಹೇಳಿದ ಎಂ2 ಗ್ರಾಹಕಗಳು ಕೆಲಸ ನಿಲ್ಲಿಸುತ್ತವೆ, ಬಿಗಿತ ಅಳತೆಮೀರುತ್ತದೆ. ಬೋರ್ಡೆಟೆಲ್ಲಾ ಸೋಂಕು ಹೊರಗೆ ಕಾಣದಂತೆ ಒಳಗಿರಬಹುದು. ಹೊಸ ತಂಡ ಬಂದ ಮೇಲೆಯೇ ಫಲಿತಾಂಶ ಕೆಟ್ಟಿದ್ದರೆ ನೆಬ್ಯುಲೈಸರ್ ಬಿಟ್ಟು ಪ್ರಾಣಿಗೃಹದ ದಾಖಲೆ ತೆಗೆಯಿರಿ. ಗಿನಿಪಿಗ್ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳಲಾರದು, ಹಳೆಯ ಪೆಲೆಟ್‌ನಲ್ಲಿ ಅದು ನಾಶವಾಗಿರುತ್ತದೆ. ಕುದುರೆ ಮಸಾಲೆ ಸೊಪ್ಪು ತಾಜಾ ಹಾಕುತ್ತಿದ್ದಾರೆಯೇ, ಪ್ರಾಣಿಗಳ ತೂಕ ಏರುತ್ತಿದೆಯೇ ನೋಡಿ.

ರಕ್ಷಣೆ ಸಿಕ್ಕಿದ ಮೇಲೆ ಉಳಿಯುವ ಪರೀಕ್ಷೆ

ಎಲ್ಲ ಸರಿಯಾಗಿ ಔಷಧ ರಕ್ಷಿಸತೊಡಗಿದರೂ ಅದು ಶ್ವಾಸನಾಳದಿಂದಲೇ ರಕ್ಷಿಸಿತೇ ಎಂಬ ಪ್ರಶ್ನೆ ಬಾಕಿ ಇರುತ್ತದೆ. ಇಡೀ ಪ್ರಾಣಿಯನ್ನು ಮಂಜಿನಲ್ಲಿಟ್ಟಾಗ ಔಷಧ ತುಪ್ಪಳದ ಮೇಲೂ ಕೂರುತ್ತದೆ, ಪ್ರಾಣಿ ಮೈ ನೆಕ್ಕಿ ಅದನ್ನು ನುಂಗುತ್ತದೆ. ಮೂಗಿನಲ್ಲಿ ನಿಂತದ್ದೂ ಕೊನೆಗೆ ಹೊಟ್ಟೆಗೇ ಹೋಗುತ್ತದೆ. ಆದ್ದರಿಂದ ಫಿಲ್ಟರಿನಿಂದ ಲೆಕ್ಕ ಹಾಕಿದ ಒಟ್ಟು ಡೋಸನ್ನು ಇನ್ನೊಂದು ಗುಂಪಿಗೆ ಬಾಯಿಯ ಮೂಲಕ ಕೊಡಿ. ಬೀಟಾ ಔಷಧವಾದರೆ ಹೃದಯ ಬಡಿತವನ್ನೂ ಗುರುತಿಸಿಕೊಳ್ಳಿ. ಬೀಟಾ ಗ್ರಾಹಕವನ್ನು ಮುಚ್ಚುವ ಪ್ರೊಪ್ರನೊಲಾಲ್ ಕೊಟ್ಟಾಗ ರಕ್ಷಣೆ ಮಾಯವಾದರೆ ಅದು ಬೀಟಾ ಗ್ರಾಹಕದ ಕೆಲಸ. ಆದರೆ ಪ್ರೊಪ್ರನೊಲಾಲ್ ತಾನೇ ಬಿಗಿತವನ್ನು ಹೆಚ್ಚಿಸಬಲ್ಲದು, ಅದನ್ನಷ್ಟೇ ಪಡೆದ ಗುಂಪೊಂದು ಪಕ್ಕದಲ್ಲಿರಬೇಕು. ಬಾಯಿಯ ಡೋಸ್ ರಕ್ಷಿಸದೆ ಅದೇ ಪ್ರಮಾಣದ ಉಸಿರಿನ ಡೋಸ್ ರಕ್ಷಿಸಿದರೆ, ಶ್ವಾಸಕೋಶಕ್ಕೆ ತಲುಪಿದ ಡೋಸ್, ಕಣದ ಗಾತ್ರ, ಪ್ರಚೋದಕದ ಲವಣರೂಪ, ಅರಿವಳಿಕೆಯ ಹೆಸರು ಇಷ್ಟನ್ನೂ ವಿಧಾನದ ಭಾಗದಲ್ಲಿ ಬರೆದು ಮುಂದಿನ ಸಂಯುಕ್ತಕ್ಕೆ ಹೋಗಬಹುದು.